ಉಪ್ಪು ಕುಡಿಯದ ತೊಟ್ಟಿ

ಒಂದಾನೊಂದು ಊರಿನಲ್ಲಿ, ಸಮುದ್ರ ದಿನಕ್ಕೊಂದು ಚಿಟಿಕೆಯಂತೆ ತಿನ್ನುತ್ತಿದ್ದ ಮನೆಯೊಂದಿತ್ತು. ಗಬಕ್ಕನೆ ನುಂಗುವ ಒರಟು ಸಮುದ್ರವಲ್ಲ ಅದು, ಬಹಳ ನಾಜೂಕಿನದು. ಬೆಳಿಗ್ಗೆ ಗಾಳಿಯ ಕೈಯಲ್ಲಿ ಒಂದಿಷ್ಟು ಉಪ್ಪು ಕೊಟ್ಟು ಕಳಿಸುವುದು, ಸಂಜೆ ಆ ಉಪ್ಪಿನ ಋಣಕ್ಕೆ ಗೋಡೆಯಿಂದ ಒಂದಿಷ್ಟು ಗಾರೆ ಕಿತ್ತುಕೊಂಡು ಹೋಗುವುದು. ಹೀಗೆ ತಿಂದೂ ತಿಂದೂ ಕಿಟಕಿಯ ಸರಳುಗಳು ಕಡ್ಡಿಯಾಗಿದ್ದವು, ಬಾಗಿಲಿನ ಕೀಲುಗಳು ಕೆಂಪು ಹುಡಿಯಾಗಿ ಉದುರುತ್ತಿದ್ದವು.

ಆ ಮನೆಯಲ್ಲಿ ಬೀದಿಗೆಲ್ಲ ಮನೆ ಕಟ್ಟಿಕೊಟ್ಟ ಮೇಸ್ತ್ರಿಯೊಬ್ಬನಿದ್ದ. ಅವನ ಹೆಂಡತಿ ಉಪ್ಪುಮೀನು ಮಾಡಿ ಮಾರುವವಳು. ಹೆತ್ತ ತಾಯಿಗೂ ಒಂದು ಗಳಿಗೆ ಯೋಚಿಸಿದರೆ ಮಾತ್ರ ಅವಳ ನಿಜವಾದ ಹೆಸರು ನೆನಪಾಗುತ್ತಿತ್ತು. ಎಲ್ಲರ ಬಾಯಲ್ಲಿ ಅವಳು ಉಪ್ಪಮ್ಮ. ಹಿತ್ತಲಲ್ಲಿ ಸೊಂಟದೆತ್ತರದ ಕಾಂಕ್ರೀಟು ತೊಟ್ಟಿ. ಅದರಲ್ಲಿ ಒಂದು ಪದರ ಮೀನು, ಒಂದು ಪದರ ಉಪ್ಪು, ಮೇಲೆ ಭಾರಕ್ಕೆ ಕಲ್ಲು. ಕೆಲವು ದಿನ ಕಳೆದ ಮೇಲೆ ತೊಳೆದು, ಅಟ್ಟಣಿಗೆಯ ಮೇಲೆ ಹರವಿ ಒಣಗಿಸುವುದು. ಈ ಕಸುಬು ಅವಳಿಗೆ ತಾಯಿಯಿಂದ ಬಂದದ್ದು. ತಾಯಿಯೂ ಮಗಳ ಮನೆಯಲ್ಲೇ ಇದ್ದಳು, ಹಿತ್ತಲ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಕಣ್ಣು ಮಂಜಾದರೂ ನಾಲಗೆ ಮೊಂಡಾಗದೆ.

ದೋಣಿಗಳನ್ನೆಲ್ಲ ದಡಕ್ಕೆ ಎಳೆದು ಕಟ್ಟಿ, ಮಳೆಗಾಲ ಶುರುವಾಗುವ ಹೊತ್ತಿಗೆ, ಒಂದು ಬೆಳಿಗ್ಗೆ ಒಣಮೀನಿನ ವ್ಯಾಪಾರಿ ತಾನು ಒಯ್ದಿದ್ದ ಮೂಟೆಯನ್ನೇ ವಾಪಸು ತಂದು ಅಂಗಳದಲ್ಲಿ ಕೆಡವಿದ.

"ಉಪ್ಪಮ್ಮಾ, ಇದು ಮೀನೋ ಮೊಳೆಯೋ?"

ಅವನು ಎತ್ತಿ ಹಿಡಿದ ಮೀನಿನ ಮೈಮೇಲೆ ತುಕ್ಕಿನ ಕಂದು ಗೆರೆ ಉದ್ದಕ್ಕೂ ಬಿದ್ದಿತ್ತು.

"ತೊಟ್ಟಿ ಸ್ವಲ್ಪ ಹಳೇದಾಗಿದೆ ಕಣಣ್ಣ," ಎಂದಳು ಉಪ್ಪಮ್ಮ.

"ಸ್ವಲ್ಪವಾ? ಒಳಗೆ ಕಂಬಿ ಹಲ್ಲು ಕಿರೀತಾ ಇದೆ. ಹೋದ ವರ್ಷವೂ ಇದೇ ಮಾತು ಹೇಳ್ದೆ. ನೋಡಮ್ಮ, ಮಳೆ ನಿಂತು ದೋಣಿ ಇಳಿಯೋ ಹೊತ್ತಿಗೆ ತೊಟ್ಟಿ ಸರಿ ಮಾಡಿಸ್ಕೋ. ಮೊದಲ ಮೀನಿನಲ್ಲಿ ಒಂದೇ ಒಂದು ಕಲೆ ಕಂಡ್ರೂ ನಾನು ಬೇರೆ ಮನೆ ನೋಡ್ಕೋತೀನಿ. ಆಮೇಲೆ ಬೇಜಾರು ಮಾಡ್ಕೋಬೇಡ."

ಅವನು ಬಿಟ್ಟರೆ ಬೇರೆ ಗಿರಾಕಿಯಿಲ್ಲ. ಅವನು ಕೈಬಿಟ್ಟ ಮನೆಯ ಮೀನನ್ನು ಪೇಟೆಯಲ್ಲಿ ಮತ್ತೊಬ್ಬರು ಮುಟ್ಟುವುದೂ ಇಲ್ಲ. ಉಪ್ಪಮ್ಮ ಮೂಟೆಯನ್ನು ಒಳಗೆಳೆದು ಹಾಕಿದಳು.

ರಾತ್ರಿ ಊಟಕ್ಕೆ ಆ ಮೂಟೆಯ ಮೀನೇ ಬಂತು. ಮೇಸ್ತ್ರಿ ತಟ್ಟೆ ನೋಡಿದ, ಹೆಂಡತಿಯ ಮುಖ ನೋಡಿದ, ಸುಮ್ಮನೆ ಮುಳ್ಳು ಬಿಡಿಸತೊಡಗಿದ. ಉಪ್ಪಮ್ಮನ ತಾಯಿ, ಮನೆಯ ಅಜ್ಜಿ, ಸುಮ್ಮನಿರಬೇಕಲ್ಲ.

"ಅಳಿಯಂದ್ರೇ, ನನ್ನ ಮಗಳನ್ನ ಕೇಳೋಕೆ ಬಂದಾಗ ಏನು ಮಾತು ಕೊಟ್ಟಿದ್ರಿ?"

"ಗೊತ್ತು ಬಿಡಿ ಅತ್ತೆ."

"ಸೋರದ ತೊಟ್ಟಿ ಕಟ್ಟಿಕೊಡ್ತೀನಿ ಅಂದ್ರಿ. ಹುಡುಗನ ಮೂಗು ಸೊಟ್ಟಗಿದ್ರೂ ಪರವಾಗಿಲ್ಲ, ತೊಟ್ಟಿ ನೆಟ್ಟಗಿರುತ್ತಲ್ಲ ಅಂತ ನಾನು ಒಪ್ಪಿದ್ದು."

"ಕಟ್ಟಿದ್ದೀನಲ್ಲ! ಮೂರು ಸಲ ಕಟ್ಟಿದ್ದೀನಿ."

"ಹೌದಪ್ಪ, ಮೂರೂ ಸೋರಿದ್ವು. ಮಾತಿಗೆ ತಪ್ಪದ ಮನುಷ್ಯ!"

ಮೇಸ್ತ್ರಿಯ ಮಗ ನಗು ತಡೆಯಲಾರದೆ ಕೆಮ್ಮಿದ. ಅವನು ಅಕ್ಕಿ ಗಿರಣಿಯಲ್ಲಿ ಗೂಡ್ಸ್ ಗಾಡಿ ಓಡಿಸುತ್ತಿದ್ದ. ಮಗನ ಪಕ್ಕ ಕೂತಿದ್ದ ಸೊಸೆ ಮಾತ್ರ ನಗಲಿಲ್ಲ. ಈ ಮನೆಗೆ ಬಂದು ಅವಳಿಗಿನ್ನೂ ವರ್ಷ ತುಂಬಿರಲಿಲ್ಲ. ಎಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿ ಅವಳಿಗೆ ಸಹಾಯಕಿಯ ಕೆಲಸ. ಕಾಂಕ್ರೀಟಿನ ಚೌಕಗಳನ್ನು ಎರಕ ಹೊಯ್ಯುವುದು, ನೀರಿನಲ್ಲಿ ಮುಳುಗಿಸಿಡುವುದು, ತೂಗುವುದು, ಕೊನೆಗೆ ಯಂತ್ರಕ್ಕೆ ಕೊಟ್ಟು ಒಡೆಯುವುದು. ಉಪ್ಪಮ್ಮನಿಗೆ ಇದೊಂದು ಕೆಲಸವೆನ್ನಿಸಿರಲಿಲ್ಲ. 'ಮೀನು ಸೀಳೋಕೆ ಕೈ ಕೊಡೆ ಅಂದ್ರೆ, ಕಲ್ಲು ಒಡೆಯೋಕೆ ಬಸ್ಸು ಹತ್ತಿ ಹೋಗ್ತಾಳೆ' ಎಂದು ಪಕ್ಕದ ಮನೆಯವಳ ಹತ್ತಿರ ಹೇಳಿಯೂ ಇದ್ದಳು.

ಸೊಸೆ ನೀರು ಕುಡಿದು ಗಂಟಲು ಸರಿಮಾಡಿಕೊಂಡಳು. "ಮಾವ, ಈ ಸಲ ಸಿಮೆಂಟಿನಲ್ಲಿ ಸ್ವಲ್ಪ ಕಡಿಮೆ ಮಾಡಿ, ಆ ಜಾಗಕ್ಕೆ ಭತ್ತದ ಹೊಟ್ಟಿನ ಬೂದಿ ಹಾಕಿ ನೋಡೋಣ್ವಾ?"

ಮೇಸ್ತ್ರಿಯ ಕೈತುತ್ತು ಬಾಯಿಯ ಹತ್ತಿರವೇ ನಿಂತಿತು.

"ಬೂದೀನಾ?"

"ಹೂಂ ಮಾವ. ಉಪ್ಪುನೀರನ್ನ ಅದು ಒಳಗೆ ಬಿಡಲ್ಲ. ಸಣ್ಣ ಸಣ್ಣ ತೂತುಗಳೆಲ್ಲ ಮುಚ್ಚಿಹೋಗ್ತವೆ. ಉಪ್ಪು ಕಂಬಿವರೆಗೂ ಹೋಗದಿದ್ರೆ ತುಕ್ಕೂ ಹಿಡಿಯಲ್ಲ."

"ಅಮ್ಮಾ ತಾಯಿ, ಬೂದೀಲಿ ಪಾತ್ರೆ ತಿಕ್ತಾರೆ. ತೊಟ್ಟಿ ಕಟ್ಟೋದು ಸಿಮೆಂಟಲ್ಲಿ. ನಾನು ಇನ್ನೂ ಸಿಮೆಂಟು ಜಾಸ್ತಿ ಹಾಕ್ಬೇಕು ಅಂತ ಯೋಚನೆ ಮಾಡ್ತಿದ್ರೆ, ನೀನು ಕಡಿಮೆ ಮಾಡು ಅಂತೀಯಲ್ಲ!"

"ಹೋದ ಸಲವೂ ಜಾಸ್ತೀನೇ ಹಾಕಿದ್ರಂತೆ..."

ಮೇಸ್ತ್ರಿ ಎದ್ದು ಕೈ ತೊಳೆದ. "ಬೂದಿ ಮೇಡಂ ಬಂದಿದ್ದಾರೆ ನಮ್ಮನೆಗೆ," ಎಂದು ಗೊಣಗುತ್ತಾ ಹೊರಗೆ ಹೋದ. ಆ ಹೆಸರು ಅವತ್ತಿನಿಂದ ಅಂಟಿಕೊಂಡಿತು.

"ಹಿರಿಯರಿಗೆ ಎದುರು ಮಾತಾಡ್ತಾರೇನೇ?" ಉಪ್ಪಮ್ಮ ಪಾತ್ರೆ ಎತ್ತುತ್ತಾ ಗದರಿದಳು.

"ತಪ್ಪಾಯ್ತು ಅತ್ತೆ. ಆದ್ರೆ ನಾನು ಸುಳ್ಳು ಹೇಳಲಿಲ್ಲ."

ಮಾರನೆಯ ವಾರ ಸೊಸೆ ಕೈಚೀಲದಲ್ಲಿ ಏನೋ ಭಾರ ಹೊತ್ತು ಬಂದು ಊಟದ ಮೇಜಿನ ಮೇಲೆ ಸಾಲಾಗಿ ಇಟ್ಟಳು. ಎರಡು ಚೌಕಗಳು, ನಡುವೆ ಸೀಳಿದವು. ಒಂದರ ಬಣ್ಣ ಮಾಮೂಲಿ, ಇನ್ನೊಂದರದು ತುಸು ಕಪ್ಪು.

"ಕೇಕ್ ತಂದಿದ್ದಾಳೆ ಕಣೇ," ಎಂದಳು ಅಜ್ಜಿ, ಕೈ ಚಾಚಿ.

"ಅಜ್ಜಿ, ಇರೋ ನಾಲ್ಕು ಹಲ್ಲೂ ಹೋಗ್ತವೆ, ಮುಟ್ಬೇಡಿ!" ಸೊಸೆ ನಕ್ಕು, ಮಾವನನ್ನು ಕರೆದಳು. "ಇವೆರಡೂ ಒಂದೇ ದಿನ ಉಪ್ಪುನೀರಿಗೆ ಬಿದ್ದಿದ್ದು ಮಾವ. ವರ್ಷದ ಮೇಲಾಯ್ತು. ವಾರಾವಾರ ನೀರು ಬದಲಾಯಿಸಿದವಳು ನಾನೇ. ಮೊನ್ನೆ ಸೀಳಿ ಔಷಧಿ ಸಿಂಪಡಿಸಿದ್ವಿ. ಉಪ್ಪು ಎಲ್ಲೀವರೆಗೆ ಹೋಗಿದ್ಯೋ ಅಲ್ಲೀವರೆಗೆ ಬೆಳ್ಳಗಾಗುತ್ತೆ. ಎಸೆಯೋ ತುಂಡುಗಳು, ಕೇಳಿ ತಂದೆ."

ಮಾಮೂಲಿ ಚೌಕದಲ್ಲಿ ಅಂಚಿನಿಂದ ಹೆಬ್ಬೆರಳಿನಗಲ ಒಳಗೆ ಬಿಳುಪು ನುಗ್ಗಿತ್ತು. ಬೂದಿಯದರಲ್ಲಿ ಉಗುರಂಚಿನಷ್ಟು ಬಿಳಿ ಗೆರೆ, ಅಷ್ಟೇ.

ಮೇಸ್ತ್ರಿ ಎರಡನ್ನೂ ಎತ್ತಿ, ತಿರುಗಿಸಿ, ಉಗುರಿನಿಂದ ಕೆರೆದು, ಮೂಸಿ ಕೂಡ ನೋಡಿದ. ಬೂದಿಯ ತುಂಡನ್ನು ಜೇಬಿಗೆ ಹಾಕಿಕೊಂಡು ಕೆಲಸಕ್ಕೆ ಹೋದ. ಸಂಜೆ ಬಂದವನು ಚಪ್ಪಲಿ ಬಿಡುತ್ತಲೇ ಮಗನನ್ನು ಕೇಳಿದ: "ನಿಮ್ಮ ಗಿರಣಿ ಬೂದೀನ ಎಲ್ಲಿ ಸುರೀತೀರೋ?"

"ಹಿಂದಿನ ಹಳ್ಳಕ್ಕೆ ಅಪ್ಪ. ನಾನೇ ದಿನಾ ಸುರಿಯೋದು. ಬೇಕಾ?"

"ನನಗ್ಯಾಕೆ? ನಿನ್ನ ಹೆಂಡ್ತಿ ಕೇಳಿದ್ಲಲ್ಲ, ತಂದ್ಕೊಡು."

ಬಾಯ್ಲರಿನ ಬೂದಿಯಲ್ಲಿ ಸೊಸೆ ಕಪ್ಪಗಿದ್ದುದನ್ನು ಬಿಟ್ಟಳು, ಅದು ಅರೆಬೆಂದದ್ದಂತೆ. ಹದವಾಗಿ ಉರಿದ ನಸುಬೂದು ಬಣ್ಣದ್ದನ್ನು ಆರಿಸಿ, ಜರಡಿ ಹಿಡಿದು, ಚೀಲ ಕಟ್ಟಿಸಿದಳು. ಮೇಸ್ತ್ರಿ ಹಳೆಯ ತೊಟ್ಟಿಯನ್ನು ಒಡೆದು ಹಾಕಿದ. ಹೊಸ ಕಂಬಿ ಕಟ್ಟಿದ, ಹಲಗೆ ನಿಲ್ಲಿಸಿದ, ಮಳೆ ಬಿದ್ದರೂ ಒಳಗೆ ಬೀಳದಂತೆ ಮೇಲೆ ಟಾರ್ಪಾಲು ಎಳೆದ. ಎರಕ ಹಾಕುವ ದಿನ ಸೊಸೆಗೆ ರಜೆ ಸಿಗಲಿಲ್ಲ. ಬಸ್ಸಿಗೆ ಓಡುತ್ತಾ ಹೇಳಿದಳು:

"ಮಾವ, ಕಲಸಿದ್ದು ಗಟ್ಟಿ ಅನ್ನಿಸುತ್ತೆ. ಅನ್ನಿಸಲಿ. ನೀರು ಮಾತ್ರ ಮೇಲೆ ಹಾಕ್ಬೇಡಿ."

"ಆಯ್ತು ಹೋಗಮ್ಮ. ನಾನು ಕಾಂಕ್ರೀಟು ಕಲಸೋಕೆ ಶುರು ಮಾಡಿದಾಗ ನೀನು ಹುಟ್ಟೇ ಇರಲಿಲ್ಲ."

ಮೇಸ್ತ್ರಿಗೆ ಒಂದು ಪದ್ಧತಿಯಿತ್ತು. ಕಲಸಿದ್ದರಲ್ಲಿ ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಅದುಮುತ್ತಿದ್ದ. ಬೆರಳ ಸಂದಿಯಲ್ಲಿ ಹಾಲಿನಂಥ ನೀರು ಇಣುಕಿದರೆ ಹದ ಬಂತೆಂದು ಅರ್ಥ. ಅವತ್ತು ಅದುಮಿದ, ಏನೂ ಬರಲಿಲ್ಲ. ಮತ್ತೊಮ್ಮೆ ಕಲಸಿ ಅದುಮಿದ. ಬೂದಿ ಇದ್ದ ನೀರನ್ನೆಲ್ಲ ಹೀರಿ ಕೂತಿತ್ತು. ಕರಣೆ ಎಳೆದರೆ ಹರಕು ಹರಕಾಗಿ ಏಳುತ್ತಿತ್ತು.

"ಇದು ಹಲಗೆ ಮೂಲೆಗೆ ಇಳಿಯೋದು ಹೇಗೆ?" ಎಂದ.

"ಗಂಟಲು ಒಣಗಿದೆ ಪಾಪ, ಸ್ವಲ್ಪ ಕುಡಿಸಿ," ಎಂದಳು ಅಜ್ಜಿ ಕುರ್ಚಿಯಿಂದ.

ಮೇಸ್ತ್ರಿ ಬಕೆಟ್ ಎತ್ತಿ ಸುರಿದ. ಉಪ್ಪಮ್ಮ ನೋಡುತ್ತಲೇ ಇದ್ದಳು. ಬೇಡವೆಂಬ ಮಾತು ನಾಲಗೆ ತುದಿಗೆ ಬಂತು. ಆದರೆ ಗಂಡನ ಕಸುಬಿನಲ್ಲಿ ಅವಳು ಎಂದೂ ಬಾಯಿ ಹಾಕಿದವಳಲ್ಲ.

ಹಲಗೆ ಬಿಚ್ಚಿ, ವಾರಗಟ್ಟಲೆ ನೀರು ಹೊಡೆದು, ಕೊನೆಗೊಂದು ಭಾನುವಾರ ತೊಟ್ಟಿ ತುಂಬಿಸಿದರು. ಮೇಸ್ತ್ರಿ ಹೊರಗೋಡೆಗೆಲ್ಲ ಸೀಮೆಸುಣ್ಣ ತಿಕ್ಕಿದ. ಎಲ್ಲಿ ಹನಿ ಜಿನುಗಿದರೂ ಬಿಳುಪು ಮಾಸಿ ಕಾಣಬೇಕು. ಸಂಜೆಯ ಹೊತ್ತಿಗೆ ಕೆಳಗಿನ ಮೂಲೆಯಲ್ಲಿ ಅಂಗೈಯಗಲ ಕಪ್ಪು ಮಚ್ಚೆ ಕಂಡಿತು. ಅಜ್ಜಿ ಕೂದಲ ಪಿನ್ನು ತೆಗೆದು ಗೋಡೆಗೆ ಗೀಚಿದಳು. ಗೆರೆ ಬಿತ್ತು.

"ನೋಡಿದ್ರಾ? ಬೂದಿ!" ಎಂದ ಮೇಸ್ತ್ರಿ. "ಊರವರು ಕೇಳಿದ್ರೆ ಏನು ಹೇಳಲಿ? ಮೇಸ್ತ್ರಿ ಮನೆ ತೊಟ್ಟೀನ ಬೂದೀಲಿ ಕಟ್ಟಿದ, ಅದಕ್ಕೇ ಬೂದಿಯಾಯ್ತು ಅಂತ ಹೇಳಲಾ?"

"ಎಷ್ಟು ನೀರು ಹಾಕಿದ್ರಿ ಮಾವ?"

"ಬೇಕಾದಷ್ಟು ಹಾಕ್ದೆ."

"ಹಾಕ್ಬೇಡಿ ಅಂದಿದ್ನಲ್ಲ!"

"ಹಾಕದಿದ್ರೆ ಅದು ಕಾಂಕ್ರೀಟಲ್ಲಮ್ಮ, ಒಣ ಹಿಟ್ಟು! ನಿಮ್ಮ ಲ್ಯಾಬಲ್ಲಿ ಅಂಗೈಯಷ್ಟು ಚೌಕ ಮಾಡ್ತೀರಿ. ಅದನ್ನ ಸ್ಪೂನಲ್ಲೂ ತುಂಬಬಹುದು. ಈ ಗೋಡೆಯೊಳಗೆ ಕಂಬಿ ಸಂದಿಗೆ ಇಳಿಸಿ ನೋಡು, ಗೊತ್ತಾಗುತ್ತೆ."

"ಗೊತ್ತಿಲ್ಲದೆ ಹೇಳ್ತೀನಾ ನಾನು?"

"ಏಯ್, ಇಬ್ಬರೂ ಸುಮ್ನಿರಿ!" ಮಗ ನಡುವೆ ಬಂದ. ಇಬ್ಬರೂ ಅವನ ಮೇಲೇ ತಿರುಗಿಬಿದ್ದರು.

ಆಮೇಲಿನ ದಿನಗಳಲ್ಲಿ ಮನೆಯೊಳಗೆ ಮಾತು ಎಣ್ಣೆ ಹಾಕದ ಕೀಲಾಯಿತು. ಮೇಸ್ತ್ರಿ ಮುಂಬಾಗಿಲಿನಿಂದ ಬಂದರೆ ಸೊಸೆ ಹಿತ್ತಲಿಗೆ ಹೋಗುವಳು. 'ಮಾವನಿಗೆ ಟೀ ಆಗಿದೆ ಅಂತ ಹೇಳಿ', 'ಮೇಡಮ್ಮಿಗೆ ಬಸ್ಸು ಬಂತು ಅಂತ ಹೇಳು'; ನಡುವೆ ಅಂಚೆಯಂತೆ ಓಡಾಡಿ ಮಗ ಸೋತುಹೋದ. ಮಳೆ ಕಡಿಮೆಯಾಗುತ್ತಿತ್ತು. ದಡದಲ್ಲಿ ದೋಣಿಗಳಿಗೆ ಬಣ್ಣ ಬಳಿಯಲು ಶುರುಮಾಡಿದ್ದರು. ಆ ಬಣ್ಣದ ವಾಸನೆ ಮೂಗಿಗೆ ಬಂದಾಗಲೆಲ್ಲ ಉಪ್ಪಮ್ಮ ಹಿತ್ತಲಿಗೆ ಹೋಗಿ ಸೋರುವ ತೊಟ್ಟಿಯನ್ನೊಮ್ಮೆ ನೋಡಿ ಬರುತ್ತಿದ್ದಳು.

ಒಂದು ಸಂಜೆ ಸೊಸೆ ಬಸ್ಸಿಳಿದವಳೇ ನೇರ ಅಂಗಳಕ್ಕೆ ಬಂದಳು. ಮೇಸ್ತ್ರಿ ಕರಣೆ ತೊಳೆಯುತ್ತಿದ್ದ. ಕೈಚೀಲವನ್ನೂ ಇಳಿಸದೆ ಅವನ ಮುಂದೆ ನಿಂತಳು.

"ಮಾವ, ಅರ್ಧ ತಪ್ಪು ನಂದು."

ಮೇಸ್ತ್ರಿ ತಲೆಯೆತ್ತಿದ.

"ನಮ್ಮ ಲ್ಯಾಬಿಗೆ ಬೂದಿ ಚೀಲದಲ್ಲಿ ತಯಾರಾಗಿ ಬರುತ್ತೆ. ಅದನ್ನ ಮೊದಲೇ ನುಣ್ಣಗೆ ಬೀಸಿರ್ತಾರೆ ಅಂತ ನನಗೆ ಇವತ್ತು ಗೊತ್ತಾಯ್ತು. ನಾನು ಬರೀ ಜರಡಿ ಹಿಡಿದು ಕೊಟ್ಟೆ. ಬೀಸದ ಬೂದಿ ಸ್ಪಂಜಿನ ಹಾಗಂತೆ, ನೀರನ್ನೆಲ್ಲ ಕುಡಿದುಬಿಡುತ್ತೆ. ನಿಮ್ಮ ಕೈಗೆ ಒಣಗಿದ ಹಾಗೆ ಅನ್ನಿಸಿದ್ದು ನಿಜವೇ."

ಅವನು ಬಹಳ ಹೊತ್ತು ಕರಣೆಯನ್ನೇ ತೊಳೆದ. ಅದರಲ್ಲಿ ತೊಳೆಯುವುದೇನೂ ಉಳಿದಿರಲಿಲ್ಲ.

"ಉಳಿದರ್ಧ ನಂದು ಅಂತ ನನ್ನ ಬಾಯಲ್ಲಿ ಹೇಳಿಸ್ಬೇಕು ಅಂತ ಬಂದ್ಯಾ?"

"ಇಲ್ಲ ಮಾವ."

"ಹೇಳ್ತೀನಿ ಬಿಡು. ನಂದೇ. ಬಕೆಟ್ ಎತ್ತಿದ್ದು ಯಾರು, ನಮ್ಮತ್ತೆಯಾ?"

"ನನ್ನ ಹೆಸರು ಯಾಕೆ ಬಂತು ಅಲ್ಲಿ?" ಒಳಗಿನಿಂದ ಅಜ್ಜಿ ಕೂಗಿದಳು. "ಕುಡಿಸಿ ಅಂದಿದ್ದು ನಿಜ. ಅಷ್ಟೊಂದು ಕುಡಿಸಿ ಅಂದ್ನಾ?"

ಮೊದಲು ನಕ್ಕದ್ದು ಮೇಸ್ತ್ರಿ. ಆಮೇಲೆ ಸೊಸೆ. ಅಡುಗೆಮನೆಯಲ್ಲಿ ಅನ್ನ ಬಸಿಯುತ್ತಿದ್ದ ಉಪ್ಪಮ್ಮನ ಕಿವಿ ಅತ್ತ ಹೋಗಿ, ಗಂಜಿಯೆಲ್ಲ ಬಚ್ಚಲಿಗೆ ಹೋಯಿತು. ಹೋಗಲಿ ಎಂದುಕೊಂಡಳು. ಎಷ್ಟೋ ದಿನಗಳ ಮೇಲೆ ಈ ಮನೆಯಲ್ಲಿ ಆ ಸದ್ದು ಕೇಳಿತ್ತು.

ಬೂದಿ ಬೀಸಿಸುವುದೇ ಒಂದು ಪ್ರಸಂಗವಾಯಿತು. ಮಗ ಚೀಲ ಹೊತ್ತು ಹಿಟ್ಟಿನ ಗಿರಣಿಗೆ ಹೋದರೆ, ಗಿರಣಿಯವನು "ನಾಳೆಯಿಂದ ಊರಿನವರಿಗೆ ಬೂದಿ ರೊಟ್ಟಿ ತಿನ್ನಿಸಲಾ?" ಎಂದು ಬಾಗಿಲಿನಿಂದಲೇ ಅಟ್ಟಿದ. ಕೊನೆಗೆ ಸೊಸೆ ಲ್ಯಾಬಿನ ಮೇಷ್ಟ್ರನ್ನು ಕೇಳಿಕೊಂಡಳು. ಅವರು ಒಪ್ಪಿದ್ದಷ್ಟೇ ಅಲ್ಲ, ಉಕ್ಕಿನ ಗುಂಡುಗಳು ಉರುಳುವ ದೊಡ್ಡ ಡ್ರಮ್ಮಿನಲ್ಲಿ ಚೀಲ ಚೀಲ ಬೀಸಿಸಿಕೊಟ್ಟರು. ಸಂಜೆಗಳಲ್ಲಿ ತಾವೇ ಕೂತು ಕಾದರು. ಬೂದಿ ಮುಖಕ್ಕೆ ಹಚ್ಚುವ ಪೌಡರಿನಂತೆ ಮರಳಿತು. ಜೊತೆಗೆ ಸೊಸೆ ಕಟ್ಟಡ ಸಾಮಾನಿನ ಅಂಗಡಿಯಿಂದ ಒಂದು ಕ್ಯಾನು ತಂದಳು.

"ಇದೇನು?"

"ನೀರು ಹೆಚ್ಚು ಹಾಕದೇನೇ ಕಾಂಕ್ರೀಟು ಸಡಿಲ ಆಗೋಕೆ ಮಾವ. ಸ್ವಲ್ಪ ಸಾಕು."

"ಕಾಂಕ್ರೀಟಿಗೂ ಟಾನಿಕ್ಕು ಬಂತಾ! ನಮ್ಮತ್ತೆಗೂ ಒಂದು ಮುಚ್ಚಳ ಕೊಡು, ನಾಲಗೆ ಸಡಿಲ ಆಗಲಿ."

"ಅಳಿಯಂದ್ರೇ, ನನ್ನ ನಾಲಗೆಗೆ ಟಾನಿಕ್ಕು ನಿಮ್ಮ ತೊಟ್ಟೀನೇ."

ಸೋರಿದ ತೊಟ್ಟಿಯನ್ನು ಮೇಸ್ತ್ರಿ ಯಾರಿಗೂ ಮುಟ್ಟಗೊಡಲಿಲ್ಲ. ತಾನೇ ಸುತ್ತಿಗೆ ಹಿಡಿದು ಒಡೆದ. ಎರಡನೆಯ ಸಲ ಎರಕ ಹಾಕಿದ ದಿನ ಸೊಸೆ ರಜೆ ಹಾಕಿ ನಿಂತಳು. ಸಿಮೆಂಟು, ಬೂದಿ, ಮರಳು, ಜಲ್ಲಿ ಎಲ್ಲವನ್ನೂ ಅಳತೆಯ ಬಾಂಡ್ಲಿಯಲ್ಲೇ ಹಾಕಿದರು. ನೀರನ್ನೂ ಅಳತೆಯ ಚೊಂಬಿನಲ್ಲೇ. ಮೇಸ್ತ್ರಿ ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಅದುಮಿದ. ಬೆರಳ ಸಂದಿ ಒಣಗಿಯೇ ಇತ್ತು. ಅವನ ಕಣ್ಣು ಬಕೆಟ್ಟಿನ ಕಡೆ ಹೋಯಿತು.

"ಏನಂತೆ?" ಎಂದಳು ಸೊಸೆ.

"ಕೈ ಇನ್ನೂ ನೀರು ಬೇಕು ಅಂತಿದೆ," ಎಂದ ಮೇಸ್ತ್ರಿ. ಹಿಡಿಯಲ್ಲಿದ್ದುದನ್ನು ಬಾಂಡ್ಲಿಗೆ ಹಾಕಿ, ಬಕೆಟ್ಟನ್ನು ಕಾಲಿನಿಂದ ದೂರ ತಳ್ಳಿದ. "ಇವತ್ತು ಕೈ ಮಾತು ಕೇಳಲ್ಲ. ಸುರೀರೋ!"

ಸುರಿದದ್ದನ್ನು ಮಗ ಸಲಾಕೆಯಿಂದ ಜಡಿದೂ ಜಡಿದೂ ಇಳಿಸಿದ. ಮೇಸ್ತ್ರಿ ಹಲಗೆಗೆ ಹೊರಗಿನಿಂದ ಸುತ್ತಿಗೆಯಲ್ಲಿ ತಟ್ಟುತ್ತಾ ಸುತ್ತು ಹಾಕಿದ. ಕೆಳಗಿನ ಮೂಲೆಗಳಲ್ಲಿ ಸೊಸೆ ಬಗ್ಗಿ ಕೂತು, ಜೊಳ್ಳು ಸದ್ದು ಬಂದ ಕಡೆಯೆಲ್ಲ ಇನ್ನೊಮ್ಮೆ ಜಡಿಸಿದಳು. ಮಧ್ಯಾಹ್ನ ಎಲ್ಲರೂ ನಿಂತಲ್ಲೇ ಉಂಡರು. ಉಪ್ಪಮ್ಮ ಸೊಸೆಯ ತಟ್ಟೆಗೆ ಕೇಳದೆಯೇ ಇನ್ನೊಂದು ಮೊಟ್ಟೆ ಹಾಕಿದಳು.

"ಬೇಡ ಅತ್ತೆ, ಸಾಕು."

"ತಿನ್ನು. ಬೆಳಿಗ್ಗೆಯಿಂದ ಬಗ್ಗಿದ್ದೀಯ."

"ನನಗೆ?" ಎಂದ ಮಗ.

"ನೀನು ದಿನಾ ತಿಂತೀಯಲ್ಲ."

ಅಲ್ಲಿಂದ ಕಾಯುವ ಕೆಲಸ. ಬೂದಿ ಬೆರೆತದ್ದು ನಿಧಾನಕ್ಕೆ ಗಟ್ಟಿಯಾಗುತ್ತದೆ, ಆದ್ದರಿಂದ ಮಾಮೂಲಿಗಿಂತ ಹೆಚ್ಚು ದಿನ ಒದ್ದೆಯಾಗಿಡಬೇಕು, ಒಂದು ಹೊತ್ತೂ ಒಣಗಬಾರದು ಎಂದು ಸೊಸೆ ಹೇಳಿದ್ದಳು. ತೊಟ್ಟಿಗೆ ಒಳಗೂ ಹೊರಗೂ ಗೋಣಿಚೀಲ ಹೊದಿಸಿದರು. ಮುಂಜಾನೆ ಬಸ್ಸಿಗೆ ಮುಂಚೆ ಸೊಸೆ ನೀರು ಹಾಕುವಳು. ಗಾಡಿ ನಿಲ್ಲಿಸಿ ಊಟಕ್ಕೆ ಬಂದ ಮಗ ಉಣ್ಣುವ ಮೊದಲು ಹಾಕುವನು. ನಡುವೆ ಅಜ್ಜಿ ಕುರ್ಚಿಯನ್ನು ತೊಟ್ಟಿಯ ಪಕ್ಕಕ್ಕೇ ಎಳೆಸಿಕೊಂಡು, ಚೊಂಬಿನಲ್ಲಿ ಸ್ವಲ್ಪ ಸ್ವಲ್ಪವೇ ಹನಿಸುತ್ತಾ, "ಕುಡಿ, ಈಗ ಎಷ್ಟು ಬೇಕಾದ್ರೂ ಕುಡಿ, ಯಾರೂ ಬೈಯಲ್ಲ," ಎಂದು ಅದಕ್ಕೆ ಕಥೆ ಹೇಳುವಳು. ನಲ್ಲಿ ನಿಂತ ದಿನ ಪಕ್ಕದ ಮನೆಯವಳು ಕೇಳದೆಯೇ ಎರಡು ಕೊಡ ತಂದಿಟ್ಟಳು. ಸಂಜೆಗೆ ಮೇಸ್ತ್ರಿ. ಇಡೀ ಬೀದಿಯ ಗೋಡೆಗಳಿಗೆ ನೀರು ಹೊಡೆಯಲು ಆಳು ಬಿಡುತ್ತಿದ್ದವನು, ತನ್ನ ಹಿತ್ತಲಲ್ಲಿ ಪಂಚೆ ಮೇಲೆತ್ತಿ ಕಟ್ಟಿ ಗೋಣಿ ಒದ್ದೆ ಮಾಡುವುದನ್ನು ಉಪ್ಪಮ್ಮ ಅಡುಗೆಮನೆಯ ಕಿಟಕಿಯಿಂದ ನೋಡುವಳು. ಈ ಮನೆಯ ಇಷ್ಟು ಕೈಗಳು ತನಗಾಗಿ ಒಟ್ಟಿಗೆ ಓಡಾಡಿದ್ದನ್ನು ಅವಳು ಕಂಡಿರಲಿಲ್ಲ. ಕಣ್ಣಿಗೆ ಹೊಗೆ ಹೋಯಿತೆಂಬಂತೆ ಸೆರಗಿನಿಂದ ಒರೆಸಿಕೊಳ್ಳುವಳು, ಒಲೆಯಲ್ಲಿ ಹೊಗೆಯಿರಲಿಲ್ಲ.

ದೋಣಿಗಳು ಆ ವರ್ಷ ಬೇಗ ಇಳಿದವು. ಮಳೆ ಹೇಳದೆ ಕೇಳದೆ ನಿಂತುಬಿಟ್ಟಿತು. ಮೊದಲ ದಿನವೇ ಬಲೆ ತುಂಬಾ ಮೀನು, ಕಟ್ಟೆಯ ಮೇಲೆ ಬೆಳ್ಳಿ ಚೆಲ್ಲಿದಂತೆ. ವ್ಯಾಪಾರಿ ನೇರ ಹಿತ್ತಲಿಗೆ ಬಂದು ಗೋಣಿ ಸರಿಸಿ ನೋಡಿದ.

"ಭೇಷ್! ಎದ್ದು ನಿಂತಿದೆಯಲ್ಲ. ನಾಳೆ ಮೀನು ಕಳಿಸ್ತೀನಿ ಉಪ್ಪಮ್ಮ, ತುಂಬು."

"ಇನ್ನೂ ಆಗಿಲ್ಲಣ್ಣ. ನೀರು ಕುಡೀತಾ ಇದೆ."

"ಗಟ್ಟಿಯಾಗಿದೆಯಲ್ಲ!" ಅವನು ಗೆಣ್ಣಿನಿಂದ ಕುಟ್ಟಿದ. "ನಿನ್ನ ಯಜಮಾನನನ್ನೇ ಕೇಳು. ಎಷ್ಟು ಮನೆ ಕಟ್ಟಿದ್ದಾನೆ, ಇಷ್ಟು ದಿನ ಕಾದಿದ್ದಾನಾ?"

ಮೇಸ್ತ್ರಿ ತಲೆ ಕೆರೆದುಕೊಂಡ. "ಮಾಮೂಲಿ ಆಗಿದ್ರೆ ತುಂಬಬಹುದಿತ್ತು," ಎಂದ. "ಇದು ಮಾಮೂಲಿ ಅಲ್ಲ. ನನಗೂ ಹೊಸದು." ಸೊಸೆ ಕೆಲಸಕ್ಕೆ ಹೋಗಿದ್ದಳು. ಎಲ್ಲರೂ ಉಪ್ಪಮ್ಮನ ಮುಖ ನೋಡಿದರು.

ಬೇರೆಯವರ ಮನೆಗೆ ಮೀನು ಹೋದರೆ ಗಿರಾಕಿಯೂ ಹೋದಂತೆ, ಅದು ಅವಳಿಗೆ ಗೊತ್ತಿತ್ತು. ಹಸಿ ತೊಟ್ಟಿಗೆ ಉಪ್ಪು ಹಾಕಿದರೆ ಏನಾಗುತ್ತದೆಂಬುದನ್ನು ನಾಲ್ಕು ತೊಟ್ಟಿ ಸೋರಿಸಿಕೊಂಡವಳಿಗೆ ಯಾರೂ ಹೇಳಬೇಕಿರಲಿಲ್ಲ.

"ಇಲ್ಲಣ್ಣ," ಎಂದಳು. "ನನ್ನ ಸೊಸೆ ಆಯ್ತು ಅನ್ನೋವರೆಗೂ ಇದಕ್ಕೆ ಒಂದು ಹಿಡಿ ಉಪ್ಪೂ ಬೀಳಲ್ಲ. ಪಕ್ಕದ ಮನೆಯಲ್ಲಿ ಪ್ಲಾಸ್ಟಿಕ್ ಡ್ರಮ್ಮು ಇದ್ಯಂತೆ, ಕೇಳಿ ತರ್ತೀನಿ. ಅದರಲ್ಲಿ ಹಿಡಿಸಿದಷ್ಟು ಮಾಡ್ಕೊಡ್ತೀನಿ. ಉಳಿದದ್ದು ನೀನು ಎಲ್ಲಿ ಬೇಕಾದ್ರೂ ಕೊಟ್ಕೋ. ನಿನ್ನ ವ್ಯಾಪಾರ ನಿಲ್ಲೋದು ಬೇಡ."

"ಆಮೇಲೆ ಬಾಯಿ ಬಡ್ಕೋಬೇಡ ಮತ್ತೆ."

"ಬಡ್ಕೊಳ್ಳಲ್ಲ."

ಅವನು ಹೋದ ಮೇಲೆ ಮೇಸ್ತ್ರಿ ಹೆಂಡತಿಯನ್ನೇ ನೋಡುತ್ತಾ ನಿಂತ. "ಏನೇ, ಕಲ್ಲು ಒಡೆಯೋಕೆ ಹೋಗ್ತಾಳೆ ಅಂತಿದ್ದೆ?"

"ನೀವು ಗೋಣಿಗೆ ನೀರು ಹಾಕ್ರಿ ಸುಮ್ನೆ."

ಸಂಜೆ ಈ ವಿಷಯವನ್ನು ಸೊಸೆಗೆ ಹೇಳಿದ್ದು ಅಜ್ಜಿ, ಉಪ್ಪು ಖಾರ ಬೆರೆಸಿ. ಸೊಸೆ ಸೀರೆ ಎತ್ತಿ ಕಟ್ಟಿ, ಉಪ್ಪಮ್ಮನ ಪಕ್ಕ ಬಂದು ಕೂತು ಮೀನು ಸೀಳಲು ಚೂರಿ ಎತ್ತಿಕೊಂಡಳು. ಮೊದಲನೆಯದನ್ನು ಕೆಡಿಸಿದಳು.

"ಬಾಲದಿಂದಲ್ಲ ಕಣೇ, ತಲೆಯಿಂದ," ಉಪ್ಪಮ್ಮ ಅವಳ ಕೈ ಹಿಡಿದು ತಿದ್ದಿದಳು. "ಹಾಂ, ಹಾಗೆ. ನಿಧಾನಕ್ಕೆ. ನಿನ್ನ ಕಾಂಕ್ರೀಟಿನ ಹಾಗೆ."

ಕೊನೆಗೆ ಸೊಸೆ 'ಆಯ್ತು' ಎಂದ ದಿನ ಗೋಣಿ ತೆಗೆದರು. ಗೋಡೆ ತುಸು ಕಪ್ಪಗೆ, ನುಣ್ಣಗೆ, ಮಳೆಯಲ್ಲಿ ನೆನೆದ ಎಮ್ಮೆಯ ಮೈಯಂತಿತ್ತು. ಅಜ್ಜಿ ಪಿನ್ನು ಗೀಚಿದಳು, ಪಿನ್ನೇ ಸೊಟ್ಟಗಾಯಿತು. ನೀರು ತುಂಬಿಸಿ, ಸೀಮೆಸುಣ್ಣ ತಿಕ್ಕಿ ನೋಡಿದರು. ಮಾರನೆಯ ದಿನವೂ ಗೋಡೆ ಬೆಳ್ಳಗೇ ಇತ್ತು. ಆ ನೀರನ್ನು ಚೆಲ್ಲಿ, ಮತ್ತೆ ತುಂಬಿಸಿ, ಮತ್ತೆ ಚೆಲ್ಲಿ, ತೊಳೆದರು. ಆಮೇಲೆ ಉಪ್ಪಮ್ಮ ಒಂದು ಪದರ ಮೀನು, ಒಂದು ಪದರ ಉಪ್ಪು ಎಂದು ತುಂಬುತ್ತಾ ಹೋದಳು, ಅಂಚಿನವರೆಗೆ.

ಉಪ್ಪು ಹಿಡಿದು ಮೀನು ಎತ್ತುವ ದಿನ, ಡ್ರಮ್ಮಿನ ಮೀನು ಒಯ್ಯಲು ಬಂದಿದ್ದ ವ್ಯಾಪಾರಿಯೂ ಅಲ್ಲೇ ನಿಂತ. ಉಪ್ಪಮ್ಮ ತೋಳು ಮುಳುಗಿಸಿ ತಳದ ಮೂಲೆಯಿಂದ, ಕಂಬಿಗೆ ಹತ್ತಿರವಿದ್ದ ಜಾಗದಿಂದಲೇ ಒಂದು ಮೀನು ತೆಗೆದು ಅವನ ಕೈಗಿಟ್ಟಳು. ಅವನು ಹೆಗಲ ಮೇಲಿನ ಬಿಳಿ ಟವೆಲಿನಿಂದ ಅದನ್ನು ಒರೆಸಿದ. ಟವೆಲು ನೋಡಿದ. ಮಗುಚಿ ಇನ್ನೊಂದು ಮಗ್ಗುಲು ಒರೆಸಿದ.

"ಎಷ್ಟಿದೆ?" ಎಂದ.

"ತೊಟ್ಟಿ ತುಂಬಾ."

"ಒಣಗಿಸಿ ಇಡು. ಪೂರ್ತಿ ನಂದೇ. ಮುಂದಿನದೂ."

ಅವನು ಹೊರಟ ಮೇಲೂ ಎಲ್ಲರೂ ಹಿತ್ತಲಲ್ಲೇ ಉಳಿದರು. ಸೊಸೆ ಕೆಳಗಿನ ಮೂಲೆಯಲ್ಲಿ ಕುಕ್ಕರುಗಾಲಿನಲ್ಲಿ ಕೂತು ನೆಲ ತಡವುತ್ತಿದ್ದಳು. ಮಗ ಅಟ್ಟಣಿಗೆಗೆ ಬಲೆ ಹಾಸುತ್ತಿದ್ದ. ಮೇಸ್ತ್ರಿ ಕೈ ಕಟ್ಟಿಕೊಂಡು ಎತ್ತಲೋ ನೋಡುತ್ತಿದ್ದ. ಉಪ್ಪಮ್ಮ ಮೊಣಕೈವರೆಗಿನ ಉಪ್ಪುನೀರನ್ನು ಕೊಡವಿ, ತೊಟ್ಟಿಯ ಹೊರಗೋಡೆಯ ಮೇಲೆ ಅಂಗೈ ಇಟ್ಟಳು. ಒಣಗಿತ್ತು.

"ಕಟ್ಟಿಕೊಟ್ರಿ," ಎಂದಳು.

"ಏನಂದೆ?" ಮೇಸ್ತ್ರಿಗೆ ಸ್ಪಷ್ಟವಾಗಿಯೇ ಕೇಳಿಸಿತ್ತು.

"ಕಟ್ಟಿಕೊಟ್ರಿ ಅಂದೆ. ಎಲ್ಲರೂ ಸೇರಿ."